ತಂಗಿಯ ಬಾಯಲ್ಲಿ ತನ್ನ ಮಾತು

ನರ್ಸಮ್ಮ ಹೇಳಿದ ಮಾತಿನಲ್ಲಿ ನಗುವಂಥದ್ದು ಏನೂ ಇರಲಿಲ್ಲ. ಆದರೂ ಮೂವರೂ ನಕ್ಕರು. ಮನೆಯ ಮುದುಕಿ ನಕ್ಕಳು, ಮುದುಕಿಯ ಮಗ ಚಮಚ ಕೆಳಗಿಟ್ಟು ನಕ್ಕ, ಅವನ ಹೆಂಡತಿ, ಎಂಟು ತಿಂಗಳ ಬಸುರಿ, ನಾಚಿ ಕೆಂಪಾಗಿ ತನ್ನ ಹೊಟ್ಟೆಯನ್ನು ಎರಡು ಸಲ ತಟ್ಟಿಕೊಂಡು ನಕ್ಕಳು. ಅದು ಮೊನ್ನೆ ಸಂಜೆಯ ಊಟದ ಹೊತ್ತು. ಇವತ್ತು ಮೂರನೆಯ ದಿನ, ಬೆಳಗಿನ ಹತ್ತು ಗಂಟೆ. ಪರದೇಶದ ಈ ಹಳ್ಳಿಮನೆಯ ಅಡುಗೆಮನೆಯಲ್ಲಿ ಮುದುಕಿಯ ಎದುರು ಕೂತು ಆಲೂಗಡ್ಡೆಯ ಸಿಪ್ಪೆ ಹೆರೆಯುತ್ತಿರುವಾಗಲೂ ಆ ನಗು ನರ್ಸಮ್ಮನ ಕಿವಿಯಲ್ಲಿ ಹೊಕ್ಕ ನೀರಿನ ಹಾಗೆ ಕೂತುಬಿಟ್ಟಿತ್ತು. ಅವಳು ಮೊನ್ನೆ ತಂಗಿಯ ಕಡೆ ಬಾಗಿ ಹೇಳಿದ್ದು ಇಷ್ಟೇ: "ಈ ಹುಡುಗಿ ಕಾಲು ನೋಡೇ. ಮುಖಾನೂ ಊದ್ಕೊಂಡಿದೆ, ಉಂಗುರ ಬೆರಳಿಗೆ ಕಚ್ಕೊಂಡಿದೆ. ಇದು ಬರೀ ಬಸುರಿನ ಊತ ಅಲ್ಲ. ನಾಳೆ ಬೆಳಗ್ಗೇನೇ ಆಸ್ಪತ್ರೆಗೆ ಕರ್ಕೊಂಡ್ಹೋಗಿ ಬಿಪಿ ನೋಡಿಸ್ಲಿ ಅಂತ ಹೇಳು." ತಂಗಿ ತಲೆಯಾಡಿಸಿ, ಬಾಯಿ ಒರೆಸಿಕೊಂಡು, ಅವರ ಭಾಷೆಯಲ್ಲಿ ಅದೇನೋ ಹೇಳಿದಳು. ಮೂವರೂ ನಕ್ಕರು. ನರ್ಸಮ್ಮನ ಮೈಯೆಲ್ಲ ಉರಿದುಹೋಯಿತು.

"ಏನ್ ಹೇಳ್ದೆ?"

"ನೀನು ಹೇಳಿದ್ದೇ."

"ನಗೋಕೇನಿತ್ತು ಅದ್ರಲ್ಲಿ?"

"ಇಲ್ಲಿಯವ್ರು ಹಾಗೇ ಕಣಕ್ಕ, ಎಲ್ಲದಕ್ಕೂ ನಗ್ತಾರೆ. ನೀನು ಊಟ ಮಾಡು, ಆರೋಗತ್ತೆ."

ತಂಗಿಯ ಉದ್ಯೋಗವೇ ಅದು. ಇಪ್ಪತ್ತು ವರ್ಷದಿಂದ ಎರಡು ದೇಶಗಳ ವ್ಯಾಪಾರಸ್ಥರ ನಡುವೆ ಕುರ್ಚಿ ಹಾಕಿಕೊಂಡು ಕೂತು ದುಭಾಷಿಯ ಕೆಲಸ. ಈ ಕಡೆಯವನು ನಿಮ್ಮ ಮಾಲು ಕಸ ಎಂದರೆ ಆ ಕಡೆಯವನಿಗೆ, ಮಾಲಿನ ಬಗ್ಗೆ ಇವರಿಗೆ ಇನ್ನೂ ಹೆಚ್ಚಿನ ನಿರೀಕ್ಷೆ ಇದೆಯಂತೆ ಎಂದು ತಲುಪುತ್ತದೆ. ಅದನ್ನು ಅವಳೇ ಹೆಮ್ಮೆಯಿಂದ ಹೇಳಿಕೊಳ್ಳುತ್ತಾಳೆ. ಮಾತಿಗೆ ಎಣ್ಣೆ ಸವರಿ ದಾಟಿಸುವುದಕ್ಕೇ ಅವಳಿಗೆ ಸಂಬಳ, ಕೊನೆಗೆ ಇಬ್ಬರೂ ಕೈಕುಲುಕಬೇಕು, ಅಷ್ಟೆ. ಅಕ್ಕ ಹೆರಿಗೆ ವಾರ್ಡಿನಿಂದ ನಿವೃತ್ತಳಾಗಿ ಮನೆಯಲ್ಲಿ ಗೋಡೆ ನೋಡುತ್ತ ಕೂತಿದ್ದಾಗ, ಬಾ ಅಕ್ಕ, ನಿನಗೆ ಒಂದು ದೇಶ ತೋರಿಸ್ತೀನಿ, ಹೋಟೆಲು ಗೀಟೆಲು ಬೇಡ, ಹಳ್ಳಿಯವರ ಮನೇಲಿ ಅವರ ಹಾಗೇ ಐದು ದಿನ ಇರೋಣ ಎಂದು ಹೊರಡಿಸಿಕೊಂಡು ಬಂದವಳೂ ಅವಳೇ. ಬಂದ ಗಳಿಗೆಯಿಂದ ನೋಡಬೇಕು ಅವಳ ಮೆರೆದಾಟ. ಮುದುಕಿ ಅವಳ ಗಲ್ಲ ಹಿಡಿದು ಮಾತಾಡಿಸುತ್ತಾಳೆ, ನಾಯಿ ಅವಳ ಕಾಲಲ್ಲೇ ಮಲಗುತ್ತದೆ, ಮಗ ಅವಳಿಗೆ ಟ್ರ್ಯಾಕ್ಟರು ಓಡಿಸುವುದು ಹೇಳಿಕೊಡುತ್ತಾನೆ. ಅಕ್ಕನೆಂಬವಳು ಮೂಲೆಯಲ್ಲಿ ಇಳಿಸಿಟ್ಟ ಮೂಟೆಯಂತೆ ಕೂತು, ಯಾರು ಯಾವ ಕಡೆ ನೋಡಿದರೂ ಆ ಕಡೆಗೆ ಹಲ್ಲು ಕಿರಿಯಬೇಕು. ಮೂವತ್ತೊಂದು ವರ್ಷ ಒಂದಿಡೀ ವಾರ್ಡು ತನ್ನ ಚಪ್ಪಲಿಯ ಸದ್ದಿಗೆ ಎದ್ದು ಕೂರುತ್ತಿತ್ತು. ಬಸುರಿಯರ ಅತ್ತೆಯಂದಿರು, ಗಂಡಂದಿರು, ಓದಿದ ಎಳೇ ಡಾಕ್ಟರುಗಳು ಕೂಡ ನರ್ಸಮ್ಮ ಏನಂತಾರೆ ಎಂದು ಬಾಯಿ ನೋಡುತ್ತಿದ್ದರು. ಇಲ್ಲಿ ಒಂದು ಲೋಟ ನೀರು ಬೇಕಾದರೂ ತಂಗಿಯ ಬಾಯಿ ಬೇಕು, ಆ ಬಾಯಿಯೋ ಯಾವಾಗಲೂ ಬೇರೆ ಯಾರದೋ ಜೊತೆ ನಗುವುದರಲ್ಲಿ ಮುಳುಗಿರುತ್ತದೆ.

ಮುದುಕಿ ಹೆರೆದ ಆಲೂಗಡ್ಡೆಗಳನ್ನು ನೋಡಿ, ನರ್ಸಮ್ಮ ಹೆರೆದದ್ದರಲ್ಲಿ ಒಂದನ್ನು ಎತ್ತಿ, ಉಳಿದುಕೊಂಡ ಕಣ್ಣೊಂದನ್ನು ಚಾಕುವಿನ ತುದಿಯಿಂದ ತೆಗೆದು ಮತ್ತೆ ಪಾತ್ರೆಗೆ ಹಾಕಿದಳು. ಬೈದದ್ದಲ್ಲ, ಕೈಯ ಅಭ್ಯಾಸ. ಆದರೂ ನರ್ಸಮ್ಮನ ಮುಖ ಗಂಟಿಕ್ಕಿತು. ಹೊರಗೆ ಹುಲ್ಲು ಕೊಯ್ಲಿನ ಗಲಾಟೆ. ಸಂಜೆಗೆ ಮಳೆಯಿದೆಯೆಂದು ಮಗ ಬೆಳಗಿನಿಂದ ಹೊಲದಲ್ಲೇ ಇದ್ದ, ತಂಗಿಯೂ ಅವನ ಜೊತೆಗೆ ಹೋಗಿದ್ದಳು. ಒಲೆಯ ಪಕ್ಕದಲ್ಲಿ ಮರದ ತೊಟ್ಟಿಲೊಂದು, ಈಗಷ್ಟೆ ಬಣ್ಣ ಬಳಿದದ್ದು, ಹಳೆಯ ಕಾಗದದ ಮೇಲೆ ಒಣಗುತ್ತಿತ್ತು. ಗೋಡೆಯ ಕ್ಯಾಲೆಂಡರಿನಲ್ಲಿ ಮುಂದಿನ ವಾರದ ಒಂದು ತಾರೀಖಿಗೆ ಸುತ್ತು ಹಾಕಿತ್ತು. ಅದು ಸೊಸೆಯನ್ನು ಡಾಕ್ಟರಿಗೆ ತೋರಿಸುವ ದಿನ ಎಂದು ತಂಗಿಯೇ ಹೇಳಿದ್ದಳು. ಮುಂದಿನ ವಾರ! ಆ ಸುತ್ತನ್ನು ನೋಡಿದಾಗಲೆಲ್ಲ ನರ್ಸಮ್ಮನಿಗೆ ಎದ್ದು ಹೋಗಿ ಕ್ಯಾಲೆಂಡರನ್ನು ಹರಿದು ಮುದುಕಿಯ ಮುಖದೆದುರು ಹಿಡಿಯಬೇಕು ಅನ್ನಿಸುತ್ತಿತ್ತು. ಅನ್ನಿಸಿಯೂ ನಿನ್ನೆ ಪೂರ್ತಿ ಅವಳು ಎದ್ದಿರಲಿಲ್ಲ.

ನಿನ್ನೆಯ ವಿಷಯವನ್ನು ಅವಳು ನೆನೆಯಬಾರದೆಂದುಕೊಂಡಿದ್ದಳು. ನಿನ್ನೆ ಮಧ್ಯಾಹ್ನ ಸೊಸೆ ಹಾಲಿನ ಬಕೆಟ್ಟು ಹಿಡಿದು ಕೊಟ್ಟಿಗೆಯಿಂದ ಬರುತ್ತಿದ್ದವಳು ಅರ್ಧ ದಾರಿಯಲ್ಲಿ ಬಕೆಟ್ಟು ಇಳಿಸಿ, ಕಲ್ಲಿನ ಮೇಲೆ ಕೂತು, ಎರಡೂ ಅಂಗೈಯಿಂದ ಹಣೆ ಒತ್ತಿಕೊಂಡಳು. ಪಡಸಾಲೆಯ ಬೆಂಚಿನಲ್ಲಿ ಕೂತಿದ್ದ ನರ್ಸಮ್ಮ ನೋಡಿದಳು. ತಲೆನೋವು ಶುರುವಾಯಿತು, ಸರಿ, ಇನ್ನು ಕಣ್ಣು ಮಂಜಾಗುತ್ತದೆ, ಆಮೇಲೆ ಎದೆಗುಂಡಿಯ ಕೆಳಗೆ ನೋವು, ಆಮೇಲೆ ಫಿಟ್ಸು. ಪಾಠ ಒಪ್ಪಿಸಿದಷ್ಟು ಸಲೀಸಾಗಿ ಒಂದರ ಹಿಂದೊಂದು ಮನಸ್ಸಿನಲ್ಲಿ ಬಂದವು. ಹುಡುಗಿ ತಲೆಯೆತ್ತಿ ಇವಳನ್ನು ಕಂಡು ನಕ್ಕಳು. ನರ್ಸಮ್ಮ ಮುಖ ತಿರುಗಿಸಿದಳು. ನನ್ನ ಮಾತು ನಿಮಗೆ ನಗು ಅಲ್ಲವೇ, ನಗಿ. ಕೇಳುವವರಿಗೇ ಬೇಡವಾದ ಮೇಲೆ ನನಗ್ಯಾಕೆ ಉಸಾಬರಿ, ನಾನೇನು ಇಲ್ಲಿ ಡ್ಯೂಟಿಗೆ ಬಂದಿದ್ದೀನಾ. ರಾತ್ರಿ ಊಟದಲ್ಲಿ ತಂಗಿ ಅದೇನನ್ನೋ ಹೇಳಿ ಎಲ್ಲರನ್ನೂ ನಗಿಸುತ್ತಿದ್ದಾಗ ಅವಳು ತಟ್ಟೆಯನ್ನೇ ನೋಡುತ್ತ, ಆಗಲಿ, ಆಗ ಗೊತ್ತಾಗುತ್ತದೆ ಅಂದುಕೊಂಡಳು. ಏನು ಆಗಲಿ ಎಂದು ತನ್ನನ್ನು ತಾನು ಕೇಳಿಕೊಳ್ಳಲಿಲ್ಲ. ಹಾಗೆ ಅಂದುಕೊಂಡದ್ದರಿಂದ ಹೊಟ್ಟೆ ಸ್ವಲ್ಪ ತಣ್ಣಗಾಯಿತು, ನಿದ್ದೆಯೂ ಚೆನ್ನಾಗಿ ಬಂತು.

ಸೊಸೆ ಹಾಲು ತುಂಬಿದ ಗಾಜಿನ ಜಗ್ಗು ಹಿಡಿದು ಒಳಗೆ ಬಂದಳು. ಮೇಜಿನ ಮೇಲೆ ಇಡಲು ಹೋದಳು. ಮೇಜಿನ ಅಂಚಿಗೆ ಇನ್ನೂ ಒಂದು ಗೇಣು ಇರುವಾಗಲೇ ಕೈ ಬಿಟ್ಟಳು. ಜಗ್ಗು ನೆಲಕ್ಕೆ ಬಿದ್ದು ಚೂರಾಯಿತು, ಹಾಲು ಮುದುಕಿಯ ಚಪ್ಪಲಿಯವರೆಗೂ ಹರಿಯಿತು. ಮುದುಕಿ ಏನೋ ಗದರಿದಳು. ಹುಡುಗಿ ಗದರಿಕೆಯ ಕಡೆ ನೋಡಲಿಲ್ಲ, ಮೇಜು ಎಲ್ಲಿದೆ ಎಂದು ಹುಡುಕುವವಳಂತೆ ಕೈ ಚಾಚಿ ಕಣ್ಣು ಕಿರಿದು ಮಾಡಿ ನಿಂತಿದ್ದಳು. ನರ್ಸಮ್ಮ ಎದ್ದದ್ದು ಅವಳಿಗೇ ಗೊತ್ತಾಗಲಿಲ್ಲ. ಹುಡುಗಿಯನ್ನು ಕುರ್ಚಿಗೆ ಕೂರಿಸಿ, ಕಾಲುಚೀಲ ಕೆಳಗೆ ಎಳೆದು, ಮೊಳಕಾಲ ಕೆಳಗಿನ ಮೂಳೆಯ ಮೇಲೆ ಹೆಬ್ಬೆರಳು ಊರಿ ಐದು ಎಣಿಸಿದಳು. ಬೆರಳು ತೆಗೆದ ಮೇಲೂ ಗುಳಿ ಹಾಗೇ ಇತ್ತು, ಕಲಸಿದ ಹಿಟ್ಟಿನಲ್ಲಿ ಉಳಿಯುವ ಹಾಗೆ. ಮುದುಕಿ ಒದ್ದೆ ಬಟ್ಟೆ ಹಿಡಿದು ನೆಲ ಒರೆಸಲು ಬಗ್ಗಿದ್ದಳು. ನರ್ಸಮ್ಮ ಅವಳ ಕೈಯಿಂದ ಬಟ್ಟೆ ಕಿತ್ತು ಎಸೆದು, ಅವಳ ಹೆಬ್ಬೆರಳನ್ನು ಹಿಡಿದು ಸೊಸೆಯ ಕಾಲಿಗೆ ಒತ್ತಿದಳು. ಒತ್ತಿ, ತೆಗೆಸಿ, ನೋಡು ಎಂದು ತೋರಿಸಿದಳು.

ಮುದುಕಿ ನೋಡಿದಳು. ಐವತ್ತು ವರ್ಷ ಹಸುಗಳ ಕೆಚ್ಚಲನ್ನು ಬೆಳಗ್ಗೆ ಸಂಜೆ ಇದೇ ಹೆಬ್ಬೆರಳಲ್ಲಿ ಒತ್ತಿ ನೋಡಿದವಳು. ಯಾವ ಬಾವು ಹಾಲಿನದು, ಯಾವುದು ರೋಗದ್ದು ಎಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ತಾನೇ ಇನ್ನೊಂದು ಕಾಲನ್ನು ಒತ್ತಿದಳು. ಆಮೇಲೆ ಸೊಸೆಯ ಕೈಯನ್ನು, ಆಮೇಲೆ ಕಣ್ಣಿನ ಕೆಳಗಿನ ಊತವನ್ನು. ಅವಳ ಮುಖದ ಬಣ್ಣವೇ ಇಳಿದುಹೋಯಿತು. ಎದ್ದು ಬಾಗಿಲಿಗೆ ಓಡಿ ಹೊಲದ ಕಡೆಗೆ ಮಗನನ್ನು ಕೂಗಿದ ಕೂಗಿಗೆ ಕೊಟ್ಟಿಗೆಯ ಹಸುಗಳೆಲ್ಲ ತಲೆಯೆತ್ತಿದವು. ಒಂದು ನಿಮಿಷ ಕೂಡ ಹಿಡಿದಿರಲಿಲ್ಲ ಇಷ್ಟಕ್ಕೆ. ಭಾಷೆ ಬೇಕಾಗಿರಲಿಲ್ಲ, ತಂಗಿ ಬೇಕಾಗಿರಲಿಲ್ಲ, ಒಂದು ಹೆಬ್ಬೆರಳು ಸಾಕಾಗಿತ್ತು. ಅದು ನಿನ್ನೆಯೂ ತನ್ನ ಕೈಯಲ್ಲೇ ಇತ್ತಲ್ಲ ಎಂದು ನರ್ಸಮ್ಮನಿಗೆ ಅನ್ನಿಸಿದ್ದು ಆಗಲೇ.

ಮಗ ಓಡಿ ಬಂದ, ಹಿಂದೆಯೇ ತಂಗಿ, ತಲೆಯ ತುಂಬ ಹುಲ್ಲುಕಡ್ಡಿ, ಮುಖದಲ್ಲಿ ಇನ್ನೂ ಅರ್ಧ ನಗು. ವಿಷಯ ತಿಳಿದು ನಗು ಇಳಿಯಿತು. ಮಗ ತನ್ನ ಸಣ್ಣ ಲಾರಿಯನ್ನು ಬಾಗಿಲಿಗೇ ತಂದು ನಿಲ್ಲಿಸಿದ. ಹುಡುಗಿಯನ್ನು ನಡುವಿನ ಸೀಟಿಗೆ ಹತ್ತಿಸಿ ನರ್ಸಮ್ಮ ತಾನೂ ಹತ್ತಿ ಕೂತಳು. ಇದರಲ್ಲಿ ಕೇಳುವುದೇನಿದೆ, ದಾರಿಯಲ್ಲಿ ಫಿಟ್ಸು ಬಂದರೆ ಯಾರು ನೋಡುತ್ತಾರೆ. ಮಗ ಏನೋ ಹೇಳಿದ. ತಂಗಿ ಲಾರಿಯ ಬಾಗಿಲು ಹಿಡಿದುಕೊಂಡು, "ಅಕ್ಕ, ಇಳೀಬೇಕಂತೆ ಕಣೆ. ದಾರೀಲಿ ಅವಳ ತಾಯಿನ ಹತ್ತಿಸ್ಕೋಬೇಕಂತೆ, ಇರೋದೇ ಮೂರು ಸೀಟು," ಅಂದಳು.

"ತಾಯಿ ಬಂದು ಏನ್ ಮಾಡ್ತಾಳೆ? ಅಳ್ತಾಳೆ. ನಾನು ಮೂವತ್ತೊಂದು ವರ್ಷ..."

"ಇಳಿ ಅಕ್ಕ. ಹೊತ್ತಾಗತ್ತೆ."

ಇಳಿದಳು. ಸೀರೆಯ ಸೆರಗು ಬಾಗಿಲಿಗೆ ಸಿಕ್ಕಿಕೊಂಡಿತು, ಮಗ ಅದನ್ನು ಬಿಡಿಸಿಕೊಟ್ಟ, ಅತಿಥಿಗೆ ತೋರುವ ಮರ್ಯಾದೆಯಲ್ಲೇ. ಅವಳು ತಂಗಿಯ ರಟ್ಟೆ ಹಿಡಿದು, "ಹೇಳು ಅವ್ನಿಗೆ. ಎಡಗಡೆಗೆ ಒರಗಿಸಿ ಕೂರಿಸ್ಕೊಳ್ಲಿ. ಫಿಟ್ಸ್ ಬಂದ್ರೆ ಗಾಡಿ ನಿಲ್ಲಿಸಿ ಎಡಮಗ್ಗುಲಿಗೆ ಮಲಗಿಸ್ಬೇಕು, ಬಾಯೊಳಗೆ ಏನೂ ತುರುಕಬಾರ್ದು. ಹೋದ ತಕ್ಷಣ ಬಿಪಿ ನೋಡಿ ಅಂತ ಕೂಗಾಡ್ಲಿ, ಸಾಲಲ್ಲಿ ಕೂರಬಾರ್ದು. ಎಲ್ಲಾ ಹೇಳು. ಒಂದೂ ಬಿಡ್ಬೇಡ," ಅಂದಳು. ತಂಗಿ ಹೇಳುತ್ತಿದ್ದಾಗ ನರ್ಸಮ್ಮ ಅವಳ ತುಟಿಯನ್ನೇ ನೋಡುತ್ತ ಮಾತಿನ ಉದ್ದವನ್ನು ಅಳೆದಳು. ತನ್ನ ಮಾತಿಗೂ ಇವಳ ಮಾತಿಗೂ ಸಮ ಬಂತೋ ಇಲ್ಲವೋ ಎಂದು, ಬಟ್ಟೆಯಂಗಡಿಯಲ್ಲಿ ಮೀಟರು ಪಟ್ಟಿ ನೋಡುವವರ ಹಾಗೆ. ಸಮ ಇತ್ತು ಅನ್ನಿಸಿತು. ಲಾರಿ ಧೂಳೆಬ್ಬಿಸಿ ಹೋಯಿತು.

ಮುದುಕಿ ಹಸುಗಳನ್ನು ಬಿಟ್ಟು ಹೋಗುವಂತಿರಲಿಲ್ಲ, ಕೊಟ್ಟಿಗೆಗೆ ಹೋದಳು. ಅಡುಗೆಮನೆಯಲ್ಲಿ ಅಕ್ಕತಂಗಿಯರಿಬ್ಬರೇ, ನೆಲದ ತುಂಬ ಹಾಲು, ಗಾಜಿನ ಚೂರು. ನರ್ಸಮ್ಮ ಬಗ್ಗಿ ಚೂರು ಆರಿಸುತ್ತಲೇ ಕೇಳಿದಳು. "ಮೊನ್ನೆ ಏನ್ ಹೇಳ್ದೆ? ನಿಜ ಹೇಳು."

ತಂಗಿ ತಲೆಯ ಹುಲ್ಲುಕಡ್ಡಿ ಒಂದೊಂದೇ ತೆಗೆಯುತ್ತಿದ್ದಳು. "ಹುಡುಗಿ ಮೈಕೈ ತುಂಬ್ಕೊಂಡು ಲಕ್ಷಣವಾಗಿದಾಳೆ, ಕಾಲು ಚಾಚ್ಕೊಂಡು ಆರಾಮಾಗಿ ಕೂತ್ಕೊಳ್ಲಿ ಅಂತ ನಮ್ಮಕ್ಕ ಹೇಳ್ತಾಳೆ ಅಂದೆ."

"ಆಸ್ಪತ್ರೆ?"

"ಹೋಗಿ ಒಂದ್ಸಲ ತೋರಿಸ್ಕೊಂಡು ಬನ್ನಿ ಅಂತ ನಾಳೆ ನಾಡಿದ್ದು ನಿಧಾನಕ್ಕೆ ಹೇಳೋಣ ಅಂತಿದ್ದೆ. ಬಂದ ಮೊದಲನೇ ದಿನ, ಅವ್ರ ಅನ್ನ ತಿಂತಾ, ನಿಮ್ಮ ಸೊಸೆಗೆ ಕಾಯಿಲೆ ಅಂತ ಹೇಗೆ ಹೇಳೋದು ಅಕ್ಕ?"

"ಬಾಯಿಂದ ಹೇಳೋದು!" ನರ್ಸಮ್ಮನ ದನಿಗೆ ಕಿಟಕಿಯ ಗಾಜು ಅದುರಿತು. "ನಿನ್ನ ಬಾಯಿ ಇರೋದ್ಯಾಕೆ? ಇವ್ರೇನು ನಿನ್ನ ಕಂಪನಿಯವ್ರಾ? ಬೆಣ್ಣೆ ಹಚ್ಚೋಕೆ? ಒಂದು ಜೀವ ಹೋಗ್ತಿದ್ರೂ ಹಲ್ಲು ಕಿಸಿಯೋದು, ಎಲ್ಲರ ಹತ್ರ ಒಳ್ಳೆಯವಳು ಅನ್ನಿಸ್ಕೊಳ್ಳೋದು. ಹುಟ್ಟಿದಾಗಿಂದ ಇದೇ ನಿಂದು."

ತಂಗಿ ಅಳುತ್ತಾಳೆ ಎಂದುಕೊಂಡಿದ್ದಳು. ತಂಗಿ ಅಳಲಿಲ್ಲ, ತಿರುಗಿಬಿದ್ದಳು. "ಜೀವ ಹೋಗತ್ತೆ ಅಂತ ನೀನು ಯಾವಾಗ ಹೇಳ್ದೆ? ಬಂದ ದಿನ ಹಾಸಿಗೆ ನಾತ ಅಂದೆ, ಸಾರಿಗೆ ಉಪ್ಪು ಜಾಸ್ತಿ ಅಂದೆ, ಕಿಟಕಿ ಮುಚ್ಚಲ್ಲ ಅಂದೆ, ನಾಯಿನ ಆಚೆ ಕಟ್ಟೋಕೆ ಹೇಳು ಅಂದೆ, ಅದೇ ದನಿಲಿ ಹುಡುಗಿ ಕಾಲು ಊದಿದೆ ಅಂದೆ. ಎಲ್ಲಾನೂ ಒಂದೇ ದನಿ ನಿಂದು. ಅದ್ರಲ್ಲಿ ಯಾವುದು ನಿಜವಾದ ಬೆಂಕಿ, ಯಾವುದು ಬರೀ ನಿನ್ನ ಮೂಗಿನ ತುದಿ ಕೋಪ ಅಂತ ನಂಗೆ ಹೇಗೆ ಗೊತ್ತಾಗ್ಬೇಕು? ಅಮ್ಮ ಹಾಸಿಗೆ ಹಿಡಿದಾಗ ಅವಳಿಗೆ ಹೇಳಿದ್ದೂ ಹೀಗೇ. ಇನ್ನು ಹದಿನೈದು ದಿನ ಅಷ್ಟೇ ಅಂತ, ತಲೆದಿಂಬು ಸರಿ ಮಾಡ್ತಾ, ಮಾತ್ರೆ ಆಯ್ತಾ ಅಂತ ಕೇಳೋ ದನಿಲಿ. ಆಮೇಲೆ ಹದಿನೈದು ದಿನಾನೂ ಅಮ್ಮ ನಿನ್ನ ಮುಖ ನೋಡ್ಲಿಲ್ಲ. ಗೊತ್ತಾ ನಿಂಗೆ? ನನ್ನ ಕೈಯಲ್ಲೇ ನೀರು ಕುಡಿದ್ಳು."

ಗೊತ್ತಿತ್ತು. ಆದರೆ ನಿಜ ಹೇಳುವವರು ಒಬ್ಬರಾದರೂ ಬೇಡವೇ ಮನೆಯಲ್ಲಿ ಎಂದು ಅವಳು ಆಗ ಅಂದುಕೊಂಡಿದ್ದಳು, ಅಮ್ಮನ ಬೆನ್ನಿಗೆ ಪೌಡರು ಹಾಕುತ್ತ, ಅಮ್ಮ ಗೋಡೆಯ ಕಡೆಗೆ ಮುಖ ಮಾಡಿದ್ದಾಗ. ನಿಜ ಹೇಳಿದ್ದಕ್ಕೆ ಶಿಕ್ಷೆ, ವಾಸಿಯಾಗುತ್ತೆ ಎಂದು ಸುಳ್ಳು ಹೇಳಿದವಳ ಕೈಯಲ್ಲಿ ನೀರು. ಆ ಸಿಟ್ಟು ಹನ್ನೆರಡು ವರ್ಷದಿಂದ ಹೊಟ್ಟೆಯೊಳಗೆ ಹಾಗೇ ಇತ್ತು. ಈಗ ಗೆದ್ದವಳು ತಾನು. ಹೇಳಿದ್ದು ತಾನು, ಮುಚ್ಚಿಟ್ಟವಳು ಇವಳು, ಸಾಕ್ಷಿ ಸಮೇತ ಸಿಕ್ಕಿಬಿದ್ದಿದ್ದಾಳೆ. ಹೇಳಲು ಬಾಯಿ ತೆರೆದಳು.

"ಸರಿ, ನಾನು ಹೇಳ್ಲಿಲ್ಲ," ತಂಗಿ ಅಂದಳು, ದನಿ ಇಳಿಸಿ. "ಅವ್ರು ನಕ್ಕಾಗ ನಾನು ಹೇಳ್ಲಿಲ್ಲ ಅಂತ ನಿಂಗೆ ಗೊತ್ತಾಯ್ತು. ನಿನ್ನೆ ಇಡೀ ದಿನ ಮತ್ತೆ ಯಾಕೆ ಹೇಳಿಸ್ಲಿಲ್ಲ ನೀನು?"

ಗಾಜಿನ ಚೂರೊಂದು ನರ್ಸಮ್ಮನ ಹೆಬ್ಬೆರಳಿಗೆ ಚುಚ್ಚಿತು. ಅವಳು ರಕ್ತ ಒರೆಸಿಕೊಂಡು ಉಳಿದ ಚೂರುಗಳನ್ನು ಆರಿಸಿದಳು, ಒಂದೂ ಬಿಡದ ಹಾಗೆ, ಮೇಜಿನ ಕಾಲುಗಳ ಹಿಂದೆಯೂ ಕೈಯಾಡಿಸಿ.

ಮಧ್ಯಾಹ್ನ ಯಾರೂ ಊಟ ಮಾಡಲಿಲ್ಲ. ನರ್ಸಮ್ಮ ಕೊಟ್ಟಿಗೆಗೆ ಹೋಗಿ ಮುದುಕಿಯ ಜೊತೆ ಸಗಣಿ ಬಾಚಿದಳು. ಮುದುಕಿ ಬೇಡ ಅನ್ನಲಿಲ್ಲ. ಬಕೆಟ್ಟು ಎತ್ತುವಾಗ ಇಬ್ಬರೂ ಒಂದೊಂದು ಕಡೆ ಹಿಡಿದರು. ಹುಲ್ಲು ಹೊಲದಲ್ಲೇ ಬಿದ್ದಿತ್ತು, ಮೋಡ ಕಟ್ಟುತ್ತಿತ್ತು, ಅದನ್ನು ನೋಡುವ ಗೋಜಿಗೆ ಯಾರೂ ಹೋಗಲಿಲ್ಲ. ಲಾರಿ ಈಗ ಎಲ್ಲಿರಬಹುದು, ಬಿಪಿ ನೋಡಿರಬಹುದು, ಇಂಜೆಕ್ಷನ್ನು ಕೊಟ್ಟಿರಬಹುದು, ಆಪರೇಷನ್ನಿಗೆ ಒಯ್ದಿರಬಹುದು. ನರ್ಸಮ್ಮ ಒಂದೊಂದನ್ನೂ ಗಡಿಯಾರದ ಮುಳ್ಳಿನ ಮೇಲಿಟ್ಟು ಲೆಕ್ಕ ಹಾಕುತ್ತಿದ್ದಳು, ಪ್ರತಿ ಲೆಕ್ಕದ ಕೊನೆಗೂ ನಿನ್ನೆ ಎಂಬ ಒಂದು ಇಡೀ ದಿನ ಮಿಕ್ಕುತ್ತಿತ್ತು. ಆ ಒಂದು ದಿನದಲ್ಲಿ ಎಷ್ಟು ಬಸುರಿಯರನ್ನು ಉಳಿಸಿಕೊಂಡಿದ್ದೇವೆ ವಾರ್ಡಿನಲ್ಲಿ. ತಂಗಿಗೆ ಗೊತ್ತಿರಲಿಲ್ಲ, ಗೊತ್ತಿದ್ದರೆ ಹೇಳುತ್ತಿದ್ದಳು, ಮಾತು ಅರೆದು ಹಿಟ್ಟು ಮಾಡಿಯಾದರೂ ಹೇಳುತ್ತಿದ್ದಳು. ಗೊತ್ತಿದ್ದವಳು ತಾನು. ಈ ಮನೆಯಲ್ಲಿ ಗೊತ್ತಿದ್ದವಳು ತಾನೊಬ್ಬಳೇ.

ನಾಲ್ಕು ಗಂಟೆಗೆ ಒಳಗೆ ಫೋನು ಹೊಡೆದುಕೊಂಡಿತು. ಮುದುಕಿಯ ಕೈ ಹಾಲಿನಲ್ಲಿತ್ತು, ತಂಗಿ ಎತ್ತಿದಳು. ಬಹಳ ಹೊತ್ತು ಕೇಳಿದಳು. ಹೂಂ ಅನ್ನುತ್ತ ಗೋಡೆಯ ಕಡೆಗೆ ತಿರುಗಿದಳು. ಕೊಟ್ಟಿಗೆಯಿಂದ ಓಡಿಬಂದ ಇಬ್ಬರಲ್ಲಿ ಮೊದಲು ಅಕ್ಕನ ಕಡೆ ನೋಡಿ, "ಹುಡುಗಿ ಚೆನ್ನಾಗಿದಾಳಂತೆ. ಆಪರೇಷನ್ ಆಯ್ತಂತೆ," ಅಂದಳು.

"ಮಗು?"

"ಮಗುನೂ... ನೋಡ್ಕೋತಾ ಇದಾರಂತೆ."

ಮುದುಕಿ ಬಂದು ತಂಗಿಯ ಕೈಯಿಂದ ಫೋನು ತೆಗೆದುಕೊಂಡಳು. ಮಗನ ದನಿಯನ್ನು ಕೇಳಿದಳು. ಒಂದೇ ಒಂದು ಪ್ರಶ್ನೆ ಕೇಳಿದಳು, ಉತ್ತರ ಕೇಳಿದಳು, ಫೋನು ಇಟ್ಟಳು. ಒಲೆಯ ಪಕ್ಕದ ತೊಟ್ಟಿಲನ್ನು, ಕೈಗೆ ಹಸಿ ಬಣ್ಣ ಮೆತ್ತಿದರೂ ಲೆಕ್ಕಿಸದೆ, ಎತ್ತಿಕೊಂಡು ಹಿತ್ತಿಲ ಬಾಗಿಲಿನಿಂದ ಹೊರಗೆ ಹೋಗಿ, ಸೌದೆ ಒಟ್ಟುವ ಕೋಣೆಯಲ್ಲಿಟ್ಟು ಬಾಗಿಲು ಹಾಕಿದಳು. ಸೊಸೆ ಬಂದಾಗ ಅದು ಕಣ್ಣಿಗೆ ಬೀಳಬಾರದು.

ನರ್ಸಮ್ಮನಿಗೆ ಇನ್ನಾರೂ ಹೇಳಬೇಕಾಗಲಿಲ್ಲ. ತಂಗಿಯ ಕಡೆ ತಿರುಗಿದಳು. "ಈಗ್ಲೂ ಸುಳ್ಳಾ?"

"ಹೋಗಿಬಿಟ್ಟಿತ್ತಂತೆ ಅಕ್ಕ. ಇವ್ರು ಮುಟ್ಟೋ ಹೊತ್ತಿಗೇ ಹೊಟ್ಟೆಯೊಳಗೇ... ಗಂಡು ಮಗುವಂತೆ," ಎಂದು ತಂಗಿ ಈಗ ಅತ್ತಳು.

ಮುದುಕಿ ಒಳಗೆ ಬಂದು, ಬಣ್ಣದ ಕೈಯನ್ನು ಎಲ್ಲಿ ಇಡುವುದೆಂದು ತಿಳಿಯದೆ ಎರಡೂ ಕೈ ಮುಂದೆ ಹಿಡಿದು ಕುರ್ಚಿಯಲ್ಲಿ ಕೂತಳು. ನರ್ಸಮ್ಮ ಅವಳೆದುರು ಹೋಗಿ ನಿಂತಳು. "ಬಾ ಇಲ್ಲಿ," ಎಂದು ತಂಗಿಯನ್ನು ಕರೆದಳು. "ಹೇಳು ಇವಳಿಗೆ. ನನಗೆ ಮೊದಲ್ನೇ ದಿನಾನೇ ಗೊತ್ತಾಗಿತ್ತು. ನಿನ್ನೆ ಹುಡುಗಿ ತಲೆ ಹಿಡ್ಕೊಂಡು ಕೂತಿದ್ದು ನೋಡ್ದೆ. ನೋಡಿ ಮುಖ ತಿರುಗಿಸ್ಕೊಂಡೆ. ನನ್ನ ಮಾತಿಗೆ ನಕ್ರು ಅನ್ನೋ ಸಿಟ್ಟಿಗೆ ಇಡೀ ದಿನ ಸುಮ್ನೆ ಕೂತಿದ್ದೆ. ನಿನ್ನೆನೇ ಹೋಗಿದ್ರೆ ಮಗು ಉಳೀತಿತ್ತೇನೋ. ಹಾಗೇ ಹೇಳು. ಎಣ್ಣೆ ಗಿಣ್ಣೆ ಸವರ್ಬೇಡ."

ತಂಗಿ ಕಣ್ಣೊರೆಸಿಕೊಂಡು ಅಕ್ಕನ ಮುಖ ನೋಡಿದಳು, ಮುದುಕಿಯ ಮುಖ ನೋಡಿದಳು. ಆಮೇಲೆ ಮಾತಾಡಿದಳು. ನಾಲ್ಕೈದು ಪದ, ಅಷ್ಟೆ. ಅಷ್ಟರಲ್ಲಿ ನಿನ್ನೆ ಹಿಡಿಸುವುದಿಲ್ಲ, ಮುಖ ತಿರುಗಿಸಿದ್ದು ಹಿಡಿಸುವುದಿಲ್ಲ. ಮುದುಕಿ ತಲೆಯೆತ್ತಿದಳು. ಅವಳ ಕಣ್ಣಲ್ಲಿ ಆಗ ಮೊದಲ ಸಲ ನೀರು ಬಂತು. ಎದ್ದು ನರ್ಸಮ್ಮನ ಎರಡೂ ಕೈಗಳನ್ನು ಹಿಡಿದು, ಗಾಜು ಚುಚ್ಚಿದ್ದ ಹೆಬ್ಬೆರಳನ್ನು ತನ್ನ ಕಣ್ಣಿಗೆ ಒತ್ತಿಕೊಂಡು, ಏನನ್ನೋ ಹೇಳಿದಳು, ಮತ್ತೆ ಅದನ್ನೇ ಹೇಳಿದಳು.

"ಏನಂತಾಳೆ?"

"ನೀನು ಇಲ್ದಿದ್ರೆ ಸೊಸೆಯೂ ಹೋಗ್ತಿದ್ಳಂತೆ. ಸಾಯೋ ತನಕ ಮರೆಯಲ್ವಂತೆ."

ನರ್ಸಮ್ಮ ಕೈ ಎಳೆದುಕೊಳ್ಳಲು ನೋಡಿದಳು. ಹಾಲು ಕರೆದು ಗಟ್ಟಿಯಾದ ಹಿಡಿತ, ಬಿಡಲಿಲ್ಲ. "ಇಲ್ಲ," ಅಂದಳು, "ಇಲ್ಲ ಕಣಮ್ಮ, ಇವಳು ಹೇಳಿದ್ದು ಸುಳ್ಳು. ನಿನ್ನೆ ನೋಡಿದೀನಿ ನಾನು. ನೋಡಿಯೂ ಸುಮ್ನಿದ್ದೆ. ಬೇಕೂಂತ ಸುಮ್ನಿದ್ದೆ. ಆಗಲಿ ಅಂದ್ಕೊಂಡೆ, ಕೇಳಿಸ್ತಾ? ಆಗಲಿ ಅಂದ್ಕೊಂಡು ಮಲಗಿದೆ!" ದನಿ ಏರುತ್ತ ಏರುತ್ತ ಕೂಗಾಯಿತು. ಉಪ್ಪಿಗೂ ಹಾಸಿಗೆಗೂ ಅಮ್ಮನಿಗೂ ಬಳಸಿದ ದನಿ ಅದಾಗಿರಲಿಲ್ಲ. ಅಂಥ ದನಿಯೊಂದು ತನಗಿದೆಯೆಂದು ಅವಳಿಗೇ ಗೊತ್ತಿರಲಿಲ್ಲ. ತಂಗಿ ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದಳು. ಮುದುಕಿ ಒಂದೊಂದು ಮಾತಿಗೂ ಹೌದು ಹೌದೆಂದು ತಲೆಯಾಡಿಸುತ್ತ, ಅಳಬೇಡ ಎನ್ನುವಂತೆ, ಬಣ್ಣದ ಕೈಯಲ್ಲಿ ಅವಳ ಬೆನ್ನು ಸವರುತ್ತಲೇ ಇದ್ದಳು.